ಹದಿನಾರು ಸಾವಿರದ ಕುರ್ಚಿ, ಎರಡು ಕೈಯ ಲೆಕ್ಕ

ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಜನ ಮಾಲು ಕೊಳ್ಳುವುದರಲ್ಲಿ ಕಚ್ಚಾ ಅಲ್ಲ. ಎತ್ತಿನ ಹಲ್ಲು ನೋಡಿ, ಬೀಜದ ಚೀಲದ ಹೊಲಿಗೆ ನೋಡಿ, ಪೈಪಿನ ಮಂದ ನೋಡಿ, ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕರಲ್ಲೂ ಚೌಕಾಶಿ ಮಾಡಿ, ಆಮೇಲೆ ಜೇಬಿಗೆ ಕೈ ಹಾಕುವವರು ನಾವು. ಆದರೆ ಮನೆಗೆ ಕೂಸು ಬರ್ತದ ಅಂತ ಗೊತ್ತಾದ ದಿನದಿಂದ ಈ ಬುದ್ಧಿಯೆಲ್ಲ ಗೂಟಕ್ಕೆ ತೂಗುಹಾಕುತ್ತೇವೆ. ಕೂಸಿನ ಸಾಮಾನಿಗೆ ಚೌಕಾಶಿ ಮಾಡಿದರೆ ಅಪಶಕುನ ಎಂಬಂತೆ ಹೇಳಿದ ಬೆಲೆ ಕೊಟ್ಟು ಬರುತ್ತೇವೆ. ಇದನ್ನು ಪೇಟೆಯ ಅಂಗಡಿಯವರು ಬಲ್ಲರು. ಫೋನಿನೊಳಗೆ ಅಂಗಡಿ ತೆರೆದವರು ಇನ್ನೂ ಚೆನ್ನಾಗಿ ಬಲ್ಲರು.

ಈಚೆಗೆ ನಮ್ಮ ಮನೆಗಳ ಬಾಗಿಲಿಗೆ ಬಂದಿರುವ ಹೊಸ ಮಾಲಿನ ಹೆಸರು ಬೌನ್ಸರ್ ಕುರ್ಚಿ. ನೋಡದವರಿಗೆ ಹೇಳುತ್ತೇನೆ. ಬಗ್ಗಿಸಿದ ಕಬ್ಬಿಣದ ಸರಳಿನ ಒಂದು ಚೌಕಟ್ಟು. ಅದರ ಮೇಲೆ ಬಿಗಿದ ಬಟ್ಟೆ. ಕೂಸನ್ನು ಅರೆ ಮಲಗಿಸಿದಂತೆ, ಅರೆ ಕೂಡಿಸಿದಂತೆ ಅದರಲ್ಲಿ ಇಟ್ಟು ನಡುವಿಗೆ ಪಟ್ಟಿ ಕಟ್ಟುತ್ತಾರೆ. ಕೂಸು ಕೈಕಾಲು ಬಡಿದರೆ ಸರಳು ತಾನೇ ತುಯ್ಯುತ್ತದೆ. ಕೆಲವಕ್ಕೆ ಬ್ಯಾಟರಿ, ಹಾಡು, ದೀಪ ಎಲ್ಲಾ ಅದಾವ. ಸ್ವೀಡನ್ ದೇಶದಲ್ಲಿ ಬ್ಯೋರ್ನ್ ಯಾಕೊಬ್ಸೊನ್ ಎಂಬವರು 1961ರಲ್ಲಿ ಬೇಬಿಬ್ಯೋರ್ನ್ ಎಂಬ ಕಂಪನಿ ಶುರು ಮಾಡಿದಾಗ ಮೊದಲು ಮಾರಿದ್ದು ಇಂಥದೇ ಕುರ್ಚಿಯನ್ನು. ಅಂದರೆ ಅಲ್ಲಿಯವರಿಗೆ ಇದು ಅರವತ್ತು ವರ್ಷ ದಾಟಿದ ಹಳೇ ಸಾಮಾನು. ಪುಣೆ-ಹೈದರಾಬಾದ್ ಹೆದ್ದಾರಿಯ ಮೇಲಿರುವ ನಮಗೆ ಮಾತ್ರ ನಿನ್ನೆ ಮೊನ್ನೆ ಬಂದದ್ದು.

ಬೆಲೆಯೋ, ಸಾವಿರದೈನೂರರಿಂದ ಶುರುವಾಗಿ ಹದಿನೈದು ಸಾವಿರದ ಮೇಲೂ ಹೋಗುತ್ತದೆ. ಪುಣೆಯಲ್ಲಿರುವ ನನ್ನ ಮಗಳು ಚೊಚ್ಚಲ ಬಸುರಿ. ಅವಳು ಫೋನಿನಲ್ಲಿ ಫೋಟೋ ಕಳಿಸಿ ಕೇಳಿದ್ದು 16,000 ರೂಪಾಯಿಯದನ್ನು. ಕೊಳ್ಳಬೇಕೋ ಬ್ಯಾಡೋ ಎಂದು ಹದಿನೈದು ದಿನ ನಮ್ಮ ಮನೆಯಲ್ಲಿ ಪಂಚಾಯಿತಿ ನಡೆಯಿತು. ಈ ಪಂಚಾಯಿತಿ ನಿಮ್ಮ ಮನೆಗೂ ಬರುವುದು ಇದ್ದೇ ಇದೆ. ಅದಕ್ಕೇ ಈ ಬರಹ.

ತವರಿನ ತೊಟ್ಟಿಲು

ಕನ್ನಡದಲ್ಲಿ ತೊಟ್ಟಿಲು, ತೆಲುಗಿನಲ್ಲಿ ಉಯ್ಯಾಲ, ಮರಾಠಿಯಲ್ಲಿ ಪಾಳಣಾ. ಭಾಷೆ ಯಾವುದಾದರೂ ನಮ್ಮ ಕಡೆಯ ರೀತಿ ಒಂದೇ. ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನ ಮುಗಿಸಿ ಮಗಳನ್ನು ಕಳಿಸುವಾಗ ತೊಟ್ಟಿಲು ಕೊಟ್ಟು ಕಳಿಸಬೇಕು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಹೆಸರಾದದ್ದೇ ಹೀಗೆ. ಅಲ್ಲಿಯ ಚಿತ್ರಗಾರ ಮನೆತನದವರು ತೇಗದ ಕಟ್ಟಿಗೆಗೆ ಅರಗಿನ ಬಣ್ಣ ಕೂಡಿಸಿ ಮಾಡುವ ತೊಟ್ಟಿಲು ಅಗ್ಗದ್ದೇನಲ್ಲ. ಆದರೆ ಒಮ್ಮೆ ಮಾಡಿಸಿದರೆ ಮಗ, ಮೊಮ್ಮಗ, ಮರಿಮಗ ಮೂರು ತಲೆ ಅದರಲ್ಲಿ ಮಲಗಿ ಏಳುತ್ತದೆ. ಓಣಿಯಲ್ಲಿ ಒಂದು ತೊಟ್ಟಿಲಿದ್ದರೆ ಹತ್ತು ಮನೆ ತಿರುಗುತ್ತದೆ.

ಈಗ ಆ ತೊಟ್ಟಿಲಿನ ಜಾಗಕ್ಕೆ ಬೌನ್ಸರ್ ಬಂದು ಕೂತಿದೆ. ಇಲ್ಲೇ ನನ್ನ ಮೊದಲ ತಕರಾರು. ಮಗಳು ತನಗೆ ಬೇಕೆಂದು ಕೇಳಿದರೆ ಅದು ತಂದೆ-ಮಗಳ ಮಾತು. ಆದರೆ ಬೀಗರ ಮನೆಯಲ್ಲಿ ನಾಲ್ಕು ಮಂದಿ ನೋಡಿ "ಯಾವ ಕಂಪನಿದು ಕೊಟ್ಟಾರ?" ಎಂದು ಕೇಳಲಿ ಎಂಬ ಕಾರಣಕ್ಕೆ ಕೊಟ್ಟರೆ ಅದು ವರದಕ್ಷಿಣೆಯ ಬಾಲಂಗೋಚಿ. ಮದುವೆಯಲ್ಲಿ ಮುಗಿಯಿತು ಎಂದುಕೊಂಡದ್ದು ತೊಟ್ಟಿಲ ಕಾರ್ಯದಲ್ಲಿ ಮತ್ತೆ ಹೆಡೆ ಎತ್ತುತ್ತದೆ. ಇಂದು ಒಬ್ಬರು ಕೊಟ್ಟರೆ ನಾಳೆ ಕೂಲಿ ಮಾಡುವ ತಂದೆಯೂ ಕೊಡಲೇಬೇಕಾಗುತ್ತದೆ. ನಮ್ಮ ಬೀಗರು ಹಾಗೆ ಕೇಳಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಆದರೆ ಕೇಳುವ ಬೀಗರೂ ಇದ್ದಾರೆ, ಕೇಳದಿದ್ದರೂ ಕೊಟ್ಟು ಮೆರೆಯುವ ತಂದೆಗಳೂ ಇದ್ದಾರೆ.

ಮೂರು ಕ್ವಿಂಟಲ್ ಸೋಯಾ

ರೈತನ ಲೆಕ್ಕ ರೂಪಾಯಿಯಲ್ಲಿ ಅಲ್ಲ, ಕ್ವಿಂಟಲಿನಲ್ಲಿ. 2025-26ಕ್ಕೆ ಕೇಂದ್ರ ಸರ್ಕಾರ ಸೋಯಾಬೀನಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಮೂರು ಕ್ವಿಂಟಲಿಗೆ 15,984. ಅಂದರೆ ಈ ಕುರ್ಚಿ ಸರಿಯಾಗಿ ಮೂರು ಕ್ವಿಂಟಲ್ ಸೋಯಾ. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕರೆ. ಪೇಟೆಯಲ್ಲಿ ಕೈ ಬಿಟ್ಟು ನಾಲ್ಕು ಸಾವಿರಕ್ಕೆ ಕೊಟ್ಟು ಬಂದರೆ ನಾಲ್ಕು ಕ್ವಿಂಟಲ್. ನಮ್ಮ ಒಣಬೇಸಾಯದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ದೇವರು ಕಣ್ಣು ತೆರೆದ ಎನ್ನುತ್ತೇವೆ. 2025ರ ಸೆಪ್ಟೆಂಬರಿನಲ್ಲಿ ಮರಾಠವಾಡಾಕ್ಕೆ ಬಿದ್ದ ಮಳೆಯಲ್ಲಿ ನಿಂತ ಪೈರು ನಿಂತಲ್ಲೇ ಕೊಳೆತದ್ದನ್ನು ಕಂಡವರಿಗೆ ಒಂದು ಎಕರೆಯ ಬೆಲೆ ಏನು ಎಂದು ಹೇಳಬೇಕಾಗಿಲ್ಲ.

ಇನ್ನು ಕುರ್ಚಿಯ ಆಯುಷ್ಯ ನೋಡಿ. ಕೂಸು ತಾನಾಗಿ ಎದ್ದು ಕೂಡಲು ಕಲಿಯುವವರೆಗೆ ಮಾತ್ರ ಅದು ಉಪಯೋಗ. ಅಂದರೆ ಆರು ತಿಂಗಳ ಆಚೆಈಚೆ. ಆಮೇಲೆ ಕೂಸು ಮುಂದಕ್ಕೆ ಬಾಗಿದರೆ ಕುರ್ಚಿ ಸಮೇತ ಮಗುಚುತ್ತದೆ. ಕೆಲವನ್ನು ತಿರುಗಿಸಿ ಸಣ್ಣ ಕುರ್ಚಿ ಮಾಡಿಕೊಳ್ಳಬಹುದು, ಆದರೆ ಹರಿದಾಡುವ ಕೂಸು ಕುರ್ಚಿಯಲ್ಲಿ ಕೂತೀತೇ? ಈ ಆರು ತಿಂಗಳಲ್ಲಿ ಮೊದಲ ಮೂರು ತಿಂಗಳು ಬಾಣಂತನ ನಮ್ಮ ಮನೆಯಲ್ಲೇ. ಇಲ್ಲಿ ಅಜ್ಜಿ, ಸೋದರತ್ತೆ, ಚಿಕ್ಕಮ್ಮ, ಓಣಿಯ ಹುಡುಗಿಯರು, ಎತ್ತಿಕೊಳ್ಳಲು ಪಾಳಿ ಹಚ್ಚುವಷ್ಟು ಕೈಗಳಿವೆ. ಹಾಗಾದರೆ ಪುಣೆಯಲ್ಲಿ ಉಳಿಯುವುದು ಮೂರು ತಿಂಗಳು, ತೊಂಬತ್ತು ದಿನ. 16,000ವನ್ನು ತೊಂಬತ್ತರಿಂದ ಭಾಗಿಸಿ. ದಿನಕ್ಕೆ ಸುಮಾರು 178 ರೂಪಾಯಿ. ದಿನಕ್ಕೆ ಒಂದು ತಾಸು ಕೂಸು ಅದರಲ್ಲಿ ಇದ್ದರೆ ತಾಸಿನ ಬಾಡಿಗೆ 178. ಟ್ರ್ಯಾಕ್ಟರ್ ಬಾಡಿಗೆ ಕೇಳುವವರಂತೆ ಕೇಳಿ ನೋಡಿ, ಆಗ ಗೊತ್ತಾಗುತ್ತದೆ.

ಇದನ್ನೆಲ್ಲ ನಾನು ಮಗಳಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಒಂದೇ ಮಾತು ಕೇಳಿದಳು.

"ಅಪ್ಪಾ, ನೀವು ಬ್ಯಾಟರಿ ಪಂಪು ತಂದಾಗ, ಕೈಯಿಂದ ಹೊಡಿಯೋ ಪಂಪು ಇತ್ತಲ್ಲ ಅಂತ ಅವ್ವ ಕೇಳಿದ್ಳೇನು?"

ಕೇಳಿರಲಿಲ್ಲ. ನಮ್ಮ ಊರಿನ ಯಾವ ಮನೆಯಲ್ಲೂ ಯಾವ ಹೆಂಗಸೂ ಕೇಳುವುದಿಲ್ಲ. ಗಂಡಸಿನ ಬೆನ್ನು ಉಳಿಸುವ ಯಂತ್ರಕ್ಕೆ ಬ್ಯಾಂಕು ಸಾಲ ಕೊಡುತ್ತದೆ, ಸರ್ಕಾರ ಸಬ್ಸಿಡಿ ಕೊಡುತ್ತದೆ. ಹೆಂಗಸಿನ ಕೈ ಬಿಡಿಸುವ ಸಾಮಾನು ಬಂದರೆ ಮಾತ್ರ ನಾವು ಅದಕ್ಕೆ ಶೋಕಿ ಎಂದು ಹೆಸರಿಡುತ್ತೇವೆ. ಆದ್ದರಿಂದ ಕುರ್ಚಿಯನ್ನು ಶೋಕಿ ಎಂದು ತಳ್ಳಿಹಾಕಿದರೆ ಲೆಕ್ಕ ಮುಗಿಯುವುದಿಲ್ಲ. ಅದು ಕೈಯನ್ನು ನಿಜವಾಗಿ ಬಿಡಿಸುತ್ತದೆಯೇ, ಎಷ್ಟು ಬಿಡಿಸುತ್ತದೆ ಎಂದು ನೋಡಬೇಕು.

ಕೈ ಬಿಡಿಸುತ್ತದೆ, ಕಣ್ಣು ಬಿಡಿಸುವುದಿಲ್ಲ

ಪುಣೆಯಲ್ಲಿ ಐದನೇ ಅಂತಸ್ತಿನ ಮನೆ. ಗಂಡ ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುತ್ತಾನೆ. ಹನ್ನೆರಡು ತಾಸು ಒಂದು ಹೆಣ್ಣುಜೀವ, ಒಂದು ಕೂಸು. ಅನ್ನ ಇಳಿಸಬೇಕು, ಮೈ ತೊಳೆಯಬೇಕು, ಒಂದು ತುತ್ತು ಬಿಸಿ ಇರುವಾಗಲೇ ತಿನ್ನಬೇಕು. ಕೂಸನ್ನು ಎಲ್ಲಿ ಇಡುವುದು? ಮಂಚದ ಮೇಲಿಟ್ಟರೆ ಉರುಳುತ್ತದೆ. ಆ ಇಪ್ಪತ್ತು ನಿಮಿಷಕ್ಕೆ ಕುರ್ಚಿ ಉಪಯೋಗ ನಿಜ. ನೆಲದ ಮೇಲೆ ಕುರ್ಚಿ ಇಟ್ಟು, ಪಟ್ಟಿ ಕಟ್ಟಿ, ಕಣ್ಣೆದುರಿಗೇ ಇಟ್ಟುಕೊಂಡು ರೊಟ್ಟಿ ಬಡಿಯಬಹುದು.

ಆದರೆ ಕೂಸು ಅದರಲ್ಲೇ ನಿದ್ದೆ ಹೋದರೆ? ಹೆಚ್ಚಿನ ಮನೆಗಳಲ್ಲಿ "ಮಲಗ್ಯಾದ, ಎಬ್ಬಿಸಬ್ಯಾಡ" ಅನ್ನುತ್ತಾರೆ. ಇಲ್ಲಿಯೇ ಅಪಾಯ. ಎಳೇ ಕೂಸಿನ ಕುತ್ತಿಗೆಗೆ ಬಲ ಇರುವುದಿಲ್ಲ. ಅರೆ ಕೂತಂತೆ ಮಲಗಿದಾಗ ತಲೆ ಮುಂದಕ್ಕೆ ಜೋತು ಗದ್ದ ಎದೆಗೆ ಹತ್ತುತ್ತದೆ, ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಕೂಸು ಅಳುವುದಿಲ್ಲ, ಸಪ್ಪಳ ಮಾಡುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಮತ್ತೆ ಹೇಳಿದ್ದು ಇದನ್ನೇ: ಕೂಸನ್ನು ಬೆನ್ನಿನ ಮೇಲೆ, ಗಟ್ಟಿಯಾದ, ಸಪಾಟಾದ ಹಾಸಿಗೆಯಲ್ಲಿ ಮಲಗಿಸಿ, ಕೂಡಿಸುವ ಸಾಮಾನುಗಳು ದಿನದಿನದ ನಿದ್ದೆಗೆ ಅಲ್ಲ, ಅದರಲ್ಲೂ ನಾಲ್ಕು ತಿಂಗಳೊಳಗಿನ ಕೂಸಿಗೆ.

ಇದು ಬರೀ ಪುಸ್ತಕದ ಮಾತಲ್ಲ. ಅಮೆರಿಕದಲ್ಲಿ ಫಿಶರ್-ಪ್ರೈಸ್ ಎಂಬ ದೊಡ್ಡ ಕಂಪನಿ ಕೂಸುಗಳನ್ನು ಇಳಿಜಾರಾಗಿ ಮಲಗಿಸುವ ಒಂದು ತೊಟ್ಟಿಲು ಮಾರುತ್ತಿತ್ತು. 2019ರ ಏಪ್ರಿಲಿನಲ್ಲಿ ಅಂಥ 47 ಲಕ್ಷ ತೊಟ್ಟಿಲುಗಳನ್ನು ವಾಪಸು ಕರೆಸಬೇಕಾಯಿತು. ಆಗ ವರದಿಯಾದ ಸಾವು ಮೂವತ್ತಕ್ಕೂ ಹೆಚ್ಚು. 2023ರ ಜನವರಿಯಲ್ಲಿ ಮತ್ತೊಮ್ಮೆ ಎಚ್ಚರಿಸುವಾಗ ಆ ಲೆಕ್ಕ ನೂರರ ಸಮೀಪ ಬಂದಿತ್ತು. ನಡುವೆ 2022ರಲ್ಲಿ, ಹತ್ತು ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ, ಕೂಸು ಮಲಗಿಸುವ ಸಾಮಾನನ್ನೇ ಆ ದೇಶ ಕಾನೂನು ಮಾಡಿ ನಿಷೇಧಿಸಿತು. ಆ ತೊಟ್ಟಿಲು ಬೇರೆ, ಬೌನ್ಸರ್ ಬೇರೆ, ನಿಜ. ಬೌನ್ಸರ್ ನಿದ್ದೆಗೆಂದು ಮಾರುವ ಸಾಮಾನೇ ಅಲ್ಲ. ಆದರೆ ನಾವು ಅದನ್ನು ನಿದ್ದೆಗೆ ಬಳಸಿದರೆ ಎರಡಕ್ಕೂ ಏನು ಫರಕು ಉಳಿಯಿತು? ಹದಿನಾರು ಸಾವಿರ ಕೊಟ್ಟಮೇಲೆ ಅದರಲ್ಲೇ ಮಲಗಿಸುವ ಆಸೆಯೂ ಹದಿನಾರು ಸಾವಿರದಷ್ಟೇ ದೊಡ್ಡದಾಗುತ್ತದೆ.

ಹಾಗಾಗಿ ಕುರ್ಚಿ ತಾಯಿಯ ಕೈ ಬಿಡಿಸುತ್ತದೆ, ಕಣ್ಣು ಬಿಡಿಸುವುದಿಲ್ಲ. ಕಣ್ಣು ಮುಚ್ಚಿ ಒಂದು ತಾಸು ತಾನೂ ಮಲಗಬೇಕು ಎಂಬುದೇ ಬಾಣಂತಿಯ ದೊಡ್ಡ ಕೊರತೆ. ಆ ಕೊರತೆಯನ್ನು ಎರಡು ಸಾವಿರದ್ದೂ ತುಂಬುವುದಿಲ್ಲ, ಹದಿನಾರು ಸಾವಿರದ್ದೂ ತುಂಬುವುದಿಲ್ಲ. ಇಪ್ಪತ್ತು ನಿಮಿಷ ಕೈ ಬಿಡಿಸುವ ಕೆಲಸವನ್ನೋ, ಎರಡೂ ಒಂದೇ ರೀತಿ ಮಾಡುತ್ತವೆ. ಮೇಲಿನ ಹದಿನಾಲ್ಕು ಸಾವಿರ ಬಟ್ಟೆಯ ಮೃದುವಿಗೆ, ಮಡಚುವ ಸೌಕರ್ಯಕ್ಕೆ, ಹೆಸರಿಗೆ. ದುಬಾರಿಯದನ್ನು ಪುಣೆಯಂಥ ಊರಿನಲ್ಲಿ ಅರ್ಧ ಬೆಲೆಗೆ ಮತ್ತೆ ಮಾರಬಹುದು ಎಂದು ಅಳಿಯ ಹೇಳಿದ. ಒಪ್ಪುತ್ತೇನೆ. ಆದರೂ ಉಳಿದ ಎಂಟು ಸಾವಿರ ಮೂರು ತಿಂಗಳ ಬಾಡಿಗೆಯೇ ಆಯಿತಲ್ಲ.

ಹಳೆಯದೆಲ್ಲ ಬಂಗಾರವಲ್ಲ

ಇಷ್ಟು ಓದಿ "ಅದಕ್ಕ ಹೇಳೋದು, ನಮ್ಮ ಸೀರೀ ಜೋಳಿಗೀನೇ ಛಲೋ" ಎಂದು ಯಾರೂ ತೊಡೆ ತಟ್ಟಬೇಡಿ. ನಾನು ಹುಟ್ಟಿ ಎರಡು ವರ್ಷಕ್ಕೆ, 1972ರಲ್ಲಿ, ಮಹಾರಾಷ್ಟ್ರಕ್ಕೆ ದೊಡ್ಡ ಬರ ಬಿತ್ತು. ಅವ್ವ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯಲು ಹೋಗುತ್ತಿದ್ದಳು. ಅವ್ವನ ತವರು ಜಹೀರಾಬಾದ್ ಕಡೆ, ಆಕೆಯ ಸಿಟ್ಟು ಪ್ರೀತಿ ಎರಡೂ ತೆಲುಗಿನಲ್ಲಿ. ಜಾಲಿಗಿಡಕ್ಕೆ ಸೀರೆ ಕಟ್ಟಿ ನನ್ನನ್ನು ತೂಗುಹಾಕಿ ಹೋಗುತ್ತಿದ್ದಳಂತೆ. ಇದನ್ನು ಆಕೆ ಹಾಡಿನ ಹಾಗೆ ಹೇಳಲಿಲ್ಲ. ಪ್ರತಿ ಬಾರಿ ಸುತ್ತಿಗೆ ಎತ್ತುವಾಗಲೂ ಗಿಡದ ಕಡೆ ನೋಡುತ್ತಿದ್ದೆ, ಗೌಂಡಿ ಬೈಯುತ್ತಿದ್ದ ಎಂದು ಹೇಳಿದಳು.

ಜೋಳಿಗೆಯಲ್ಲೂ ಎಳೇ ಕೂಸಿನ ಬೆನ್ನು ಬಿಲ್ಲಾಗಿ ಬಾಗುತ್ತದೆ, ಗದ್ದ ಎದೆಗೆ ಹತ್ತುತ್ತದೆ. ಅದೇ ಅಪಾಯ ಇಲ್ಲಿಯೂ ಇದೆ. ಸ್ವಲ್ಪ ದೊಡ್ಡ ಮಕ್ಕಳು ಸೀರೆಯ ಉಯ್ಯಾಲೆ ಆಡುತ್ತ ಗಿರಗಿರ ಸುತ್ತಿ, ಕುತ್ತಿಗೆಗೆ ಉರುಳು ಬಿದ್ದು ಜೀವ ಹೋದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಇನ್ನು ಸಂತೆಯಲ್ಲಿ ಮಾರುವ ಗಾಲಿಯ ವಾಕರ್. ಕೂಸು ಬೇಗ ನಡೆಯುತ್ತದೆ ಎಂದು ಎಲ್ಲರೂ ತರುತ್ತೇವೆ. ಮೆಟ್ಟಿಲಿಂದ ಉರುಳಿ ತಲೆ ಒಡೆದುಕೊಳ್ಳುವ ಮಕ್ಕಳನ್ನು ನೋಡಿ ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿತು. ಹೊಸದೆಂದು ಬೆದರಬೇಕಾಗಿಲ್ಲ, ಹಳೆಯದೆಂದು ನಂಬಬೇಕಾಗಿಲ್ಲ. ನೆಲದ ಮೇಲೆ ಚಾಪೆ, ಅದರ ಮೇಲೆ ಬಿಗಿಯಾಗಿ ಮಡಚಿ ಹಾಸಿದ ಕೌದಿ, ಬೆನ್ನ ಮೇಲೆ ಕೂಸು. ಎಚ್ಚರ ಇದ್ದಾಗ ಎದುರಿಗೆ ಕೂತು ಸ್ವಲ್ಪ ಹೊತ್ತು ಬೋರಲು ಮಲಗಿಸಿದರೆ ಕುತ್ತಿಗೆ, ತೋಳಿಗೆ ಬಲ ಬರುತ್ತದೆ. ಇದಕ್ಕೆ ಬೆಲೆಯೇ ಇಲ್ಲದ್ದರಿಂದ ಯಾರೂ ಇದನ್ನು ಜಾಹೀರಾತು ಮಾಡುವುದಿಲ್ಲ.

ಅಜ್ಜಿಯ ಕೈ ಪುಕ್ಕಟೆಯೇ?

ಪಂಚಾಯಿತಿಯ ಎಂಟನೇ ದಿನ ನಾನೊಂದು ಉಪಾಯ ಹೇಳಿದೆ. ಕುರ್ಚಿ ಬ್ಯಾಡ, ನಿಮ್ಮವ್ವ ಮೂರು ತಿಂಗಳು ಪುಣೆಗೆ ಬರ್ತಾಳ. ಎಲ್ಲರೂ ಹೇಳುವ ಉಪಾಯವೇ ಇದು. ನನ್ನ ಹೆಂಡತಿ ಸುಮ್ಮನೆ ಕೇಳಿದಳು: "ಕಳಿ ಯಾರು ತಗೀತಾರ?"

ಆ ಮೂರು ತಿಂಗಳು ಬೀಳುವುದು ಮಳೆಗಾಲದಲ್ಲಿ. ನಮ್ಮ ಕಡೆ ಕಳೆ ತೆಗೆಯುವ ಹೆಣ್ಣಾಳಿಗೆ ದಿನಕ್ಕೆ 300 ರೂಪಾಯಿ. ನಮ್ಮಾಕೆ ಹೊಲಕ್ಕೆ ಹೋಗದ ಎಪ್ಪತ್ತು ದಿನಕ್ಕೆ ಬದಲಿ ಆಳು ಹಚ್ಚಿದರೆ 21,000. ಹೈನು ನೋಡುವವರ ಲೆಕ್ಕ ಬೇರೆ. ಅಂದರೆ ನಾನು ಪುಕ್ಕಟೆ ಎಂದುಕೊಂಡು ಮುಂದಿಟ್ಟ ಉಪಾಯ ಕುರ್ಚಿಗಿಂತ ಐದು ಸಾವಿರ ತುಟ್ಟಿ. ಮನೆ ಹೆಂಗಸಿನ ದುಡಿಮೆಯನ್ನು ನಾವು ಎಂದೂ ತಕ್ಕಡಿಯಲ್ಲಿ ಇಡುವುದಿಲ್ಲವಾದ್ದರಿಂದ ಅದು ಹಗುರ ಕಾಣುತ್ತದೆ. ನಾನು ಎರಡು ಭಾಷೆಯಲ್ಲಿ ಪದ್ಯ ಕಟ್ಟುವವನು. ತೆಲುಗಿನಲ್ಲಿ ಅನ್ನಮಯ್ಯ, ಕನ್ನಡದಲ್ಲಿ ಪುರಂದರದಾಸರು ಲಾಲಿ ಜೋಗುಳ ಬರೆದು ದೇವರನ್ನೇ ತೊಟ್ಟಿಲಲ್ಲಿ ಮಲಗಿಸಿದರು. ಬರೆದವರು ಗಂಡಸರು. ರಾತ್ರಿ ಎರಡು ಗಂಟೆಗೆ ಎದ್ದು ಹಾಡಿ ತೂಗಿದವರು ಹೆಂಗಸರು.

ಮಗಳು ನೌಕರಿಯವಳು. 2017ರಲ್ಲಿ ಕಾಯ್ದೆ ತಿದ್ದಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ್ದರಿಂದ ಅವಳಿಗೆ ಆರು ತಿಂಗಳಾದರೂ ಸಿಗುತ್ತದೆ. ನಮ್ಮ ಹೊಲಕ್ಕೆ ಬರುವ ಹೆಣ್ಣಾಳಿಗೆ ಎಷ್ಟು ವಾರ? ಕಬ್ಬು ಕಡಿಯಲು ಗಾಡಿ ಹತ್ತುವವಳಿಗೆ ಎಷ್ಟು ವಾರ? ಕರ್ನಾಟಕ ಸರ್ಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಎಂಬ ಯೋಜನೆ ತಂದಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ ಅದು. ಒಳ್ಳೆಯ ಯೋಚನೆ. ಗಡಿಯ ಈಚೆ ಆಳಂದಕ್ಕೆ ಸಿಗುವುದು ಗಡಿಯ ಆಚೆ ಉಮರ್ಗಾಕ್ಕೂ ಸಿಗಬೇಕು ಎಂದು ಕೇಳಲು ನಮಗೆ ಹಕ್ಕಿದೆ. ಗಡಿ ಕಲ್ಲು ಕೂಸಿಗೆ ತಿಳಿಯುವುದಿಲ್ಲ. ಬೌನ್ಸರ್ ಬೇಕೋ ಬ್ಯಾಡೋ ಎಂದು ಕೂತು ಮಾತಾಡುವ ನಾವು ನಮ್ಮ ಬದುವಿನ ಗಿಡಕ್ಕೆ ತೂಗುವ ಜೋಳಿಗೆಯನ್ನೂ ಆಗಾಗ ನೋಡಬೇಕು. ಆಳಿನ ಹೆಂಗಸು ತಾಸಿಗೊಮ್ಮೆ ಕೂಸಿನ ಹತ್ತಿರ ಹೋಗಿ ಬಂದರೆ ಅದನ್ನು ಕೆಲಸಗಳ್ಳತನ ಎಂದು ಎಣಿಸಬಾರದು. ಇದಕ್ಕೆ ಯಾವ ಸರ್ಕಾರದ ಹುಕುಮೂ ಬೇಕಾಗಿಲ್ಲ.

ನಾವು ಮಾಡಿದ ತೀರ್ಮಾನ

ಕೊನೆಗೆ ಮಗಳು, ಅಳಿಯ, ನಾವಿಬ್ಬರು ಕೂಡಿ ತೀರ್ಮಾನಿಸಿದ್ದು ಇದು. ಹದಿನಾರು ಸಾವಿರ ಮಗಳಿಗೇ ಕೊಡುತ್ತೇವೆ. ಅದರಲ್ಲಿ ಎರಡು ಸಾವಿರದೊಳಗೆ ಬ್ಯಾಟರಿ, ಹಾಡು ಇಲ್ಲದ ಸಾದಾ ಕುರ್ಚಿ. ಅದೂ ಅವಳು ಪುಣೆಗೆ ಹೋಗುವಾಗ, ಈಗಲೇ ಅಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಕನ್ನಡದಲ್ಲಿ ಹೇಳುತ್ತಾರೆ. ಆಲೂ ಲೇದು ಚೂಲೂ ಲೇದು ಕೊಡುಕು ಪೇರು ಸೋಮಲಿಂಗಂ ಎಂದು ತೆಲುಗಿನಲ್ಲಿ ಹೇಳುತ್ತಾರೆ. ಎರಡು ಭಾಷೆಯ ಹಿರಿಯರೂ ಒಂದೇ ಮಾತು ಹೇಳಿದಾಗ ಕೇಳುವುದು ಲೇಸು. ಉಳಿದ ಹದಿನಾಲ್ಕು ಸಾವಿರಕ್ಕೆ ದಿನಕ್ಕೆ ಎರಡು ತಾಸು ಬಂದು ಕೂಸು ನೋಡುವ ಹೆಣ್ಣುಮಗಳು. ಅವರ ಓಣಿಯಲ್ಲಿ ತಿಂಗಳಿಗೆ ನಾಲ್ಕು ಸಾವಿರ ಕೇಳುತ್ತಾರಂತೆ. ಮೂರೂವರೆ ತಿಂಗಳಿಗೆ ಸರಿಹೋಗುತ್ತದೆ. ಆ ಎರಡು ತಾಸು ಮಗಳು ಬಾಗಿಲು ಹಾಕಿಕೊಂಡು ಮಲಗಬೇಕು, ಬಟ್ಟೆ ಒಗೆಯಬಾರದು ಎಂಬುದು ಅವಳ ಅವ್ವನ ಷರತ್ತು. ದುಡ್ಡು ಕಂಪನಿಗೆ ಹೋಗುವ ಬದಲು, ಬಹುಶಃ ನಮ್ಮ ಲಾತೂರು, ಕಲಬುರಗಿ ಕಡೆಯಿಂದಲೇ ಪುಣೆಗೆ ಹೋದ ಒಬ್ಬ ಹೆಂಗಸಿನ ಕೈಗೆ ಹೋಗುತ್ತದೆ.

ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು. ಅವಳಿ ಕೂಸು ಹುಟ್ಟಿದವರಿಗೆ, ಹೊಟ್ಟೆ ಕೊಯ್ದು ಹೆರಿಗೆಯಾಗಿ ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದವರಿಗೆ, ಆಳು ಸಿಗದ ಊರಿನಲ್ಲಿ ಇರುವವರಿಗೆ ಕುರ್ಚಿ ಬೇಕೇ ಬೇಕಾಗಬಹುದು. ತುಟ್ಟಿಯದನ್ನೇ ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ, ಯಾರೂ ತಪ್ಪು ಎನ್ನುವುದಿಲ್ಲ. ಆದರೆ ಕೊಳ್ಳುವ ಮೊದಲು ಮೂರು ಮಾತು ಕೇಳಿಕೊಳ್ಳಿ. ಇದು ಎಷ್ಟು ದಿನ ಉಪಯೋಗಕ್ಕೆ ಬರುತ್ತದೆ? ಕೇಳುತ್ತಿರುವುದು ಕೂಸಿನ ತಾಯಿಯೋ, ನೋಡುವ ಮಂದಿಯೋ? ಇದರಿಂದ ತಾಯಿಗೆ ನಿದ್ದೆ ಸಿಗುತ್ತದೋ ಇಲ್ಲವೋ?

ಯಾವ ಬೆಲೆಯದು ತಂದರೂ ನೆಲದ ಮೇಲೆ ಇಡಿ, ಮೇಜು ಮಂಚದ ಮೇಲೆ ಬೇಡ. ಪಟ್ಟಿ ಕಟ್ಟಿ. ಕಣ್ಣೆದುರಿಗೆ ಇರಲಿ. ಕೂಸು ನಿದ್ದೆ ಹೋದ ಕೂಡಲೇ ಎತ್ತಿ ಸಪಾಟು ಹಾಸಿಗೆಗೆ ಹಾಕಿ. ಬೇರೆಯವರು ಬಳಸಿದ್ದನ್ನು ತಂದರೆ ಸರಳು ಸೀಳಿದೆಯೋ, ಹೊಲಿಗೆ ಬಿಟ್ಟಿದೆಯೋ ನೋಡಿ, ಬೀಜದ ಚೀಲ ನೋಡುವ ಹಾಗೆ. ನಿಮ್ಮ ಕೂಸು ಎದ್ದು ಕೂತ ಮೇಲೆ ಅದನ್ನು ಅಟ್ಟಕ್ಕೆ ಹಾಕಬೇಡಿ. ಓಣಿಯಲ್ಲಿ ಮುಂದಿನ ಬಾಣಂತಿ ಯಾರೆಂದು ನಿಮ್ಮ ಮನೆಯ ಹೆಂಗಸರಿಗೆ ಗೊತ್ತಿರುತ್ತದೆ, ಅಲ್ಲಿಗೆ ಕಳಿಸಿ.